ತಬಾರಕ್ ಹಾಳು ಮಾಡಿದ ಕಂಪ್ಯೂಟರ್

"ಮತ್ತೆ ಆಫ್ ಆಯ್ತು! ತಬಾರಕ್!"

ಅಣ್ಣ ಮುಂತಝರ್ ಕೂಗಿದ್ದು ಬೀದಿಗೂ ಕೇಳಿಸಿರಬೇಕು. ಅಡುಗೆಮನೆಯಲ್ಲಿ ಖರ್ಜೂರದ ಬೀಜ ತೆಗೆಯುತ್ತಿದ್ದ ತಬಾರಕ್ ಅಂಟುಗೈಯಲ್ಲೇ ಓಡಿಬಂದಳು.

"ನಾನೇನ್ ಮಾಡ್ದೆ? ನಾನು ಮುಟ್ಟೇ ಇಲ್ಲ!"

"ಈಗ ಮುಟ್ಟಿಲ್ಲ. ಅವತ್ತು ಗೇಮ್ ಹಾಕ್ಕೊಂಡ್ಯಲ್ಲ, ಅದ್ರಿಂದ ಬಂದ ವೈರಸ್ ಇದು."

"ಕರೆಂಟ್ ಹೋಗಿರುತ್ತೆ."

"ಕಣ್ಣು ಕಾಣ್ಸಲ್ವಾ? ಮೇಲೆ ಫ್ಯಾನ್ ತಿರುಗ್ತಿದೆ ನೋಡು!"

ಬಸ್ರಾದಲ್ಲಿ ಕರೆಂಟು ಹೋಗುವುದು ಹೊಸದೇನಲ್ಲ. ಆದರೆ ಫ್ಯಾನ್ ನಿಜವಾಗಿಯೂ ತಿರುಗುತ್ತಿತ್ತು. ಕಂಪ್ಯೂಟರ್ ಮಾತ್ರ ಸುಮ್ಮನೆ ಕಪ್ಪಗೆ ಕೂತಿತ್ತು.

ಅಮ್ಮ ಬಂದು ನಿಟ್ಟುಸಿರು ಬಿಟ್ಟರು. ಅವರು ಶಾಲೆಯಲ್ಲಿ ಟೀಚರ್. ಹಿಂದೊಮ್ಮೆ ಅವರು ಟೈಪ್ ಮಾಡಿದ್ದ ಪರೀಕ್ಷೆಯ ಪ್ರಶ್ನೆಗಳೆಲ್ಲ ಹೀಗೇ ಅಳಿಸಿಹೋಗಿದ್ದವು. ಅಂದು ಬಾಬಾ, ಅಂದರೆ ತಬಾರಕ್ ಅಪ್ಪ, "ತಬಾರಕ್ ಇನ್ನು ಈ ಮೇಜಿನ ಹತ್ತಿರ ಸುಳಿಯಕೂಡದು" ಎಂದುಬಿಟ್ಟಿದ್ದರು. ಅವಳು ಮುಟ್ಟುವುದನ್ನು ಬಿಟ್ಟ ಮೇಲೂ ಅದು ಆಫ್ ಆಗುತ್ತಲೇ ಇತ್ತು. ಆದರೂ ತಪ್ಪು ಅವಳದೇ!

ಮಧ್ಯಾಹ್ನ ಎಲ್ಲರೂ ಮಲಗಿದರು. ತಬಾರಕ್‌ಗೆ ಮಾತ್ರ ಸಿಟ್ಟಿಗೆ ನಿದ್ದೆ ಬರಲಿಲ್ಲ. ಎದ್ದುಹೋಗಿ ಕಂಪ್ಯೂಟರ್ ಆನ್ ಮಾಡಿದಳು. ಕೀಬೋರ್ಡ್ ಮುಟ್ಟಲಿಲ್ಲ, ಮೌಸ್ ಮುಟ್ಟಲಿಲ್ಲ. ನೆಲದ ಮೇಲೆ ಕೂತು ಅದನ್ನೇ ನೋಡಿದಳು.

ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ಜಾಲರಿಯಿಂದ ಕೆಂಪು ಬೆಳಕು ಬರುತ್ತಿತ್ತು. ಅವಳು ಅಂಗೈ ಇಟ್ಟಳು. ಬೆಚ್ಚಗಿತ್ತು. ಸ್ವಲ್ಪ ಹೊತ್ತಿಗೆ ಬಿಸಿಯಾಯಿತು. ಆಮೇಲೆ ರೊಟ್ಟಿಯ ತಂದೂರಿನ ಹಾಗೆ ಕಾಯ್ದು, ಟಪ್! ಆಫ್.

ತಕ್ಷಣ ಮತ್ತೆ ಆನ್ ಮಾಡಿದಳು. ಈ ಸಲ ಇನ್ನೂ ಬೇಗ ಆಫ್ ಆಯಿತು.

'ಕಾಯ್ದಾಗ ಆಫ್ ಆಗ್ತಿದೆ. ಒಳಗಡೆ ತಣ್ಣಗೆ ಮಾಡೋಕೆ ಪುಟ್ಟ ಫ್ಯಾನ್ ಇರುತ್ತಲ್ಲ?'

ಅಮ್ಮನ ಫೋನಿನ ಟಾರ್ಚ್ ಹಾಕಿ, ಮತ್ತೊಮ್ಮೆ ಆನ್ ಮಾಡಿ ಜಾಲರಿಯೊಳಗೆ ಇಣುಕಿದಳು. ಫ್ಯಾನ್ ಇತ್ತು. ತಿರುಗಲು ಒದ್ದಾಡುತ್ತಿತ್ತು. ಅದರ ರೆಕ್ಕೆಗೆ ಸಣ್ಣ ಕೆಂಪು ವೈರೊಂದು ಸಿಕ್ಕಿಕೊಂಡಿತ್ತು.

"ಏಯ್, ಇಲ್ಲೇನ್ ಮಾಡ್ತಿದ್ದೀಯಾ?" ಬಾಗಿಲಲ್ಲಿ ಮುಂತಝರ್.

"ನಿನ್ನ ವೈರಸ್ ನೋಡ್ತಿದ್ದೀನಿ. ಬಾ, ನೀನೂ ನೋಡು."

ಅವನು ಬಗ್ಗಿ ನೋಡಿದ. ಕಿವಿಗಳು ಕೆಂಪಾದವು. ಹಬ್ಬಕ್ಕೆ ಮುಂಚೆ ಗೆಳೆಯರಿಗೆ ತೋರಿಸಲೆಂದು ಪೆಟ್ಟಿಗೆಯೊಳಗೆ ಬಣ್ಣದ ದೀಪ ಕೂರಿಸಿದ್ದು ಅವನೇ. ಆ ವೈರ್ ದೀಪದ್ದೇ.

ಅವನು ಬೇಗಬೇಗ ಪ್ಲಗ್ ಕಿತ್ತ, ಸ್ಕ್ರೂ ಬಿಚ್ಚಿ ವೈರ್ ಬಿಡಿಸಿದ. ಮುಚ್ಚಿ ಆನ್ ಮಾಡಿದಾಗ ಫ್ಯಾನ್ ಗುಂಯ್ ಎಂದು ತಿರುಗಿತು. ಇಬ್ಬರೂ ಬಹಳ ಹೊತ್ತು ಕಾದರು. ಕಂಪ್ಯೂಟರ್ ಆಫ್ ಆಗಲೇ ಇಲ್ಲ.

"ಸರಿಹೋಯ್ತು," ಅವನು ಪಿಸುಗುಟ್ಟಿದ. "ಬಾಬಾಗೆ ಹೇಳ್ಬೇಡ, ಆಯ್ತಾ? ಐಸ್‌ಕ್ರೀಮ್ ಕೊಡಿಸ್ತೀನಿ."

ಐಸ್‌ಕ್ರೀಮ್! ತಬಾರಕ್‌ಗೆ ಮೈಯೆಲ್ಲ ಉರಿಯಿತು.

"ನಿನ್ನ ಐಸ್‌ಕ್ರೀಮ್ ನೀನೇ ತಿನ್ನು. ನಾನು ಹೇಳಲ್ಲ, ನೀನೇ ಹೇಳ್ಬೇಕು. ನನ್ನ ಹೆಸರು ಎಷ್ಟು ಜೋರಾಗಿ ಕೂಗಿದ್ಯೋ ಅಷ್ಟೇ ಜೋರಾಗಿ!"

ಸಂಜೆ ಚಹಾ ಹೊತ್ತಿಗೆ ಅವನು ಹೇಳಿದ. ಜೋರಾಗಿ ಅಲ್ಲ, ಚಹಾದ ಲೋಟ ನೋಡುತ್ತಾ. ಬಾಬಾ ನಕ್ಕುಬಿಟ್ಟರು. "ಸರಿಹೋಯ್ತಲ್ಲ, ಇನ್ನು ಬಿಡಿ ಆ ವಿಷ್ಯ."

"ಯಾಕೆ ಬಿಡ್ಬೇಕು?" ತಬಾರಕ್ ಲೋಟ ಕೆಳಗಿಟ್ಟಳು. "ನನ್ನನ್ನ ಬೈಯೋವಾಗ ಯಾರೂ ಬಿಡ್ಲಿಲ್ಲ. ಒಬ್ರಾದ್ರೂ ಆ ಪೆಟ್ಟಿಗೆ ಒಳಗೆ ನೋಡಿದ್ರಾ, ಬಾಬಾ? ಎಲ್ರೂ ನನ್ನನ್ನೇ ನೋಡಿದ್ರಿ!"

ಸಕ್ಕರೆ ಕಲಕುತ್ತಿದ್ದ ಬಾಬಾರ ಚಮಚ ನಿಂತಿತು. ನಗುವೂ ನಿಂತಿತು.

"ಹೌದು ಮಗಳೇ," ಎಂದರು ಮೆಲ್ಲಗೆ. "ನಾನು ನೋಡ್ಬೇಕಿತ್ತು. ತಪ್ಪಾಯ್ತು."

"ನಂದೂ ತಪ್ಪಾಯ್ತು ಕಣೇ," ಎಂದ ಮುಂತಝರ್. ತಬಾರಕ್ ತನ್ನ ಚಹಾಕ್ಕೆ ಸಕ್ಕರೆ ಹಾಕಿಕೊಂಡಳು. ಅವಳ ಸಿಟ್ಟು ಇನ್ನೂ ಮುಗಿದಿರಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಏನೋ ಢಣಾರ್ ಎಂದು ಬಿತ್ತು.

"ಕರ್ರಾರ್!" ಅಮ್ಮ, ಬಾಬಾ, ಮುಂತಝರ್ ಒಟ್ಟಿಗೇ ಕೂಗಿದರು. ಕರ್ರಾರ್ ಮನೆಯ ಕಿರಿಯವನು, ಐದು ವರ್ಷದ ತುಂಟ.

ತಬಾರಕ್‌ಳ ನಾಲಿಗೆಯ ತುದಿಗೂ ಅದೇ ಹೆಸರು ಬಂದಿತ್ತು. ಅವಳು ಬಾಯಿ ಮುಚ್ಚಿಕೊಂಡಳು.

"ಇರಿ," ಎಂದು ಎದ್ದಳು. "ನೋಡ್ಕೊಂಡು ಬರ್ತೀನಿ."