ಕೇತವ್ವನ ಕೌದಿ ಕದ್ದ ಮಾಂತ್ರಿಕ

ಹುಲಿಗಳಿಗೆ ಮಾತು ಬರುತ್ತಿದ್ದ ಕಾಲ. ಕುಂತಳಗಿರಿ ಎಂಬ ರಾಜ್ಯದಲ್ಲಿ ಎರಡೂವರೆ ವರ್ಷದ ರಾಜಕುಮಾರಿ ಕೇತವ್ವ ಇದ್ದಳು. ಅವಳಿಗೊಂದು ಕೌದಿ ಇತ್ತು. ತೀರಿಹೋದ ಅಜ್ಜಿ ತನ್ನ ಹಳೆ ಸೀರೆಗಳನ್ನು ಹರಿದು ಹೊಲಿದುಕೊಟ್ಟದ್ದು. ಅದರ ಮೂಲೆ ಚೀಪದೆ ಕೇತವ್ವನಿಗೆ ನಿದ್ದೆಯಿಲ್ಲ.

ಆ ಕೌದಿಯನ್ನು ಹೊಗೆಮೂಗನೆಂಬ ಮಾಂತ್ರಿಕ ಕದ್ದ. ಮಕ್ಕಳು ಅಪ್ಪಿ ಮಲಗುವ ವಸ್ತು ಕದ್ದರೆ ಅವರ ನಿದ್ದೆಯೂ ಅವನದಾಗುತ್ತಿತ್ತು. ಎಷ್ಟೋ ಗೊಂಬೆ, ಮರದ ಆನೆ, ಅಮ್ಮಂದಿರ ಸೆರಗಿನ ತುಂಡು ಅವನ ಕೋಟೆ ಸೇರಿದ್ದವು. ಥೂ, ಗಡ್ಡ ನೆರೆತವನಿಗೆ ಎಂಥ ದರಿದ್ರ ಬುದ್ಧಿ!

ಕೇತವ್ವ ಕೂಗಿದಳು. ಅರಮನೆಯ ಹೆಂಚು ಹಾರಿದವು. ನಾನು ಸುಳ್ಳು ಹೇಳುವವನಲ್ಲ, ಅವುಗಳಲ್ಲಿ ಕೆಲವು ಇನ್ನೂ ಕೆಳಗೆ ಬಂದಿಲ್ಲ.

ರಾಜ ಜರತಾರಿ ಶಾಲು ತಂದ. "ಹರಕು ಬಟ್ಟೆಗೆ ಇಷ್ಟು ರಂಪವೇ? ತಗೋ ಮಗಳೇ."

ಕೇತವ್ವ ಅದನ್ನು ತುಳಿದಳು. "ನಂದು ಬೇಕು!"

ಸೋದರಮಾವ ಬಂಕರಸನಿಗೆ ಸಿಟ್ಟು ನೆತ್ತಿಗೇರಿತು. "ಹರಕು ಅನ್ನಬೇಡಿ ಭಾವ! ಅದು ನಮ್ಮವ್ವನ ಕೈಹೊಲಿಗೆ. ರಾಜ್ಯ ನಿಮ್ಮದಿರಬಹುದು, ಕೌದಿ ಅವಳದು!"

ಸೊಸೆಯನ್ನು ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟ. ಸೋದರಮಾವಂದಿರೆಂದರೆ ಹಾಗೇ. ನನ್ನನ್ನೇ ನೋಡಿ.

ಕೋಟೆಯ ಮೊದಲ ಬಾಗಿಲಲ್ಲಿ ಬೆಂಕಿಯುಗುಳುವ ಮೊಸಳೆ. "ಏನು ಬೇಕು?" ಎಂದಿತು.

"ನಂದು ಕೊಡು!" ಆ ಕೂಗಿಗೆ ಬೆಂಕಿಯೇ ಆರಿಹೋಯಿತು.

ಎರಡನೆಯ ಬಾಗಿಲಲ್ಲಿ ಎರಡು ತಲೆಯ ಹುಲಿ. "ಏನು ಬೇಕು?" ಎಂದಿತು ಒಂದು ತಲೆ.

"ನಂದು ಕೊಡು!"

"ಒಳಗೆ ಬಿಟ್ಟುಬಿಡೋ ಮಾರಾಯ, ಕಿವಿ ಹೋಯಿತು!" ಎಂದು ಇನ್ನೊಂದು ತಲೆ ಅತ್ತಿತು.

ಒಳಗೆ ಹೊಗೆಮೂಗ ಮೂರು ಕೌದಿ ಹಾಸಿಕೊಂಡು ಕೂತಿದ್ದ. ಅದೇ ಬಣ್ಣ, ಅದೇ ಹೊಲಿಗೆ, ಅದೇ ಜೊಲ್ಲಿನ ಕಲೆ.

"ನಿನ್ನದನ್ನು ಆರಿಸು. ತಪ್ಪಿದರೆ ನಿನ್ನ ನಿದ್ದೆ ಎಂದೆಂದಿಗೂ ನನ್ನದು."

ಬಂಕರಸನೇ ತಬ್ಬಿಬ್ಬಾದ. ಕೇತವ್ವ ಒಂದರ ಮೂಲೆ ಕಚ್ಚಿದಳು. ಥೂ! ಇನ್ನೊಂದರ ಮೂಲೆ ಕಚ್ಚಿದಳು. ಥೂ! ಮೂರನೆಯದನ್ನು ಕಚ್ಚಿದಾಗ ಹಲ್ಲಿಗೆ ಕಟುಂ ಎಂದಿತು.

"ನಂದು!"

ಕೌದಿಯ ಹೊಟ್ಟೆ ಹಸಿದಿರಬಾರದೆಂದು, ಕಡೆಯ ಹೊಲಿಗೆಗೆ ಮುಂಚೆ ಮೂಲೆಯೊಳಗೆ ನಾಲ್ಕು ಜೋಳದ ಕಾಳು ಇಡುವುದು ಆ ನಾಡಿನ ಪದ್ಧತಿ. ಜಗತ್ತಿನ ಮಂತ್ರವೆಲ್ಲ ಕಲಿತ ಹೊಗೆಮೂಗನಿಗೆ ಕೌದಿ ಹೊಲಿದುಕೊಟ್ಟವರೇ ಇರಲಿಲ್ಲ. ಅವನಿಗೆ ಹೇಗೆ ಗೊತ್ತಾಗಬೇಕು?

"ಅನ್ಯಾಯ!" ಅವನು ನೆಲ ಒದ್ದ. "ಎಲ್ಲರಿಗೂ ಇದೆ, ನನಗೊಂದೂ ಇಲ್ಲ!"

ಕೇತವ್ವನ ಸಿಟ್ಟಿನ್ನೂ ಇಳಿದಿರಲಿಲ್ಲ. ಕಾಳಿಲ್ಲದ ಕೌದಿಯೊಂದನ್ನು ಎಳೆದು ಅವನ ಮುಖಕ್ಕೆ ಬೀಸಿದಳು. "ಅದು ನಿಂದು! ಇದು ನಂದು!"

ಹೊಗೆಮೂಗ ಅದನ್ನು ಹೊದ್ದೇಬಿಟ್ಟ. ಕೊಟ್ಟದ್ದನ್ನು ಹೊದ್ದವನಲ್ಲಿ ಕದ್ದ ಮಾಯೆ ನಿಲ್ಲುವುದಿಲ್ಲ. ಕೋಟೆ ಹೊಗೆಯಾಗಿ ಕರಗಿತು. ಗೊಂಬೆ, ಆನೆ, ಸೆರಗಿನ ತುಂಡುಗಳು ಹಾರಿಹೋಗಿ ತಂತಮ್ಮ ಮಕ್ಕಳ ತೋಳು ಸೇರಿದವು. ಬಯಲಲ್ಲಿ ಹೊಗೆಮೂಗ ಕೌದಿಯ ಮೂಲೆ ಚೀಪುತ್ತ ಗೊರಕೆ ಹೊಡೆಯುತ್ತಿದ್ದ.

"ಹಾಳಾದವನೇ, ಹಸಿದ ಕೌದಿ ಹೊದೆಯುತ್ತೀಯಾ?" ಎಂದು ಬೈಯುತ್ತಲೇ ಬಂಕರಸ ಅದರೊಳಗೆ ನಾಲ್ಕು ಕಾಳು ತುರುಕಿದ.

ಅರಮನೆಯ ಬಾಗಿಲಲ್ಲಿ ರಾಜ ಕೈಚಾಚಿದ. "ಬಂತೇ ಆ ಹರಕು..."

ಕೇತವ್ವ ದಿಟ್ಟಿಸಿ ನೋಡಿದಳು.

"...ಬಹಳ ಚೆಂದದ ಕೌದಿ!" ಎಂದ ರಾಜ.

ಅಂದಿನಿಂದ ಅವರೆಲ್ಲ ಅಲ್ಲಿ ಬೆಚ್ಚಗೆ, ನಾವು ಇಲ್ಲಿ ಬೆಚ್ಚಗೆ.