ಚೆನ್ನಾಜಮ್ಮನ ಮೂರು ಸೇರು ಭಯ

ಇದು ನಡೆದಾಗ ಬೆಳಗಿನ ಹತ್ತು ಗಂಟೆ, ಚುರುಗುಟ್ಟುವ ಬಿಸಿಲು. ಅದಕ್ಕೇ ನನ್ನ ಮಾತನ್ನು ಯಾರೂ ದೆವ್ವದ ಕಥೆ ಎನ್ನುವುದಿಲ್ಲ.

ನಾನು ನರ್ಸು. ಮಂಪರು ತರಿಸುವ ಗುಳಿಗೆಯಿಂದ ವಿಪರೀತ ಭಯ ಇಳಿಯುತ್ತದೆಯೇ ಎಂದು ನೋಡುವ ಸಂಶೋಧನೆಯಲ್ಲಿ ಕೆಲಸಕ್ಕಿದ್ದೆ. ಕೆಲವರಿಗೆ ನಿಜವಾದ ಔಷಧ, ಕೆಲವರಿಗೆ ಬರೀ ಮೆಕ್ಕೆಜೋಳದ ಹಿಟ್ಟಿನ ಗುಳಿಗೆ. ಯಾರಿಗೆ ಯಾವುದೆಂದು ಕೊಡುವ ನನಗೂ ಗೊತ್ತಿರಲಿಲ್ಲ.

ಶೀಳನೆರೆಯ ಚೆನ್ನಾಜಮ್ಮನಿಗೆ ನೀರಿನ ಭಯ. ಹೊಳೆ ಕಂಡರೆ ಸಾಕು, ಒಣ ಚಪ್ಪಲಿಯೊಳಗೇ ಮೀನು ಕಚ್ಚಿದಂತಾಗುತ್ತಿತ್ತಂತೆ. ಅಸ್ಥಿಯನ್ನು ತನ್ನ ಕೈಯಿಂದಲೇ ಹೊಳೆಗೆ ಬಿಡುತ್ತೇನೆಂದು ಸಾಯುವ ಗಂಡನಿಗೆ ಮಾತು ಕೊಟ್ಟು, ಮೂರು ತಿಂಗಳಿಂದ ಕುಡಿಕೆಯನ್ನು ಹುಣಸೆಮರಕ್ಕೆ ಕಟ್ಟಿಟ್ಟಿದ್ದರು.

ಶ್ರೀರಂಗಪಟ್ಟಣದ ಹೊಳೆಯ ಮೆಟ್ಟಿಲ ಮೇಲೆ ಗುಳಿಗೆ ಕೊಟ್ಟೆ. ಅರ್ಧ ಗಂಟೆ ಬಿಟ್ಟು, "ಹತ್ತು ಅಂಕಕ್ಕೆ ಎಷ್ಟಿದೆಯಮ್ಮ ಭಯ?" ಎಂದೆ.

"ಅತ್ತು ಗಿತ್ತು ನಂಗೊತ್ತಿಲ್ಲ ಕಣವ್ವ. ಬೆಳಿಗ್ಗೆ ಮೂರು ಸೇರಿತ್ತು, ಈಗ ಒಂದ್ ಪಾವಿರ್ಬೌದು."

ಎರಡು ಮೆಟ್ಟಿಲು ಇಳಿದರು. "ಈಗ ಚಟಾಕು."

ಆಗಲೇ ನನ್ನ ಬೂಟಿನೊಳಗೆ ತಣ್ಣಗಾದದ್ದು.

ಚೆನ್ನಾಜಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತು ಕುಡಿಕೆ ಬಗ್ಗಿಸಿದರು. "ಎಲ್ಲಾ ಓಯ್ತು ಕಣವ್ವಾ, ಖಾಲಿ!" ಎಂದು ಅತ್ತರು, ನಕ್ಕರು.

ಮೇಲಿನ ಒಣ ಮೆಟ್ಟಿಲಲ್ಲಿ ಕೂತು ನಾನು ಬೂಟು ಬಿಚ್ಚಿದೆ. ಒಂದು ಹನಿ ನೀರಿರಲಿಲ್ಲ. ಬೆರಳ ಸಂದಿಯಲ್ಲಿ ಮಾತ್ರ ಸಣ್ಣ ಸಣ್ಣ ಬಾಯಿಗಳು ಕಚ್ಚುತ್ತಿದ್ದವು. ಇದೇ ಹೊಳೆಯಲ್ಲಿ ಈಜಿ ಬೆಳೆದವಳು ನಾನು. ಈಗ ಬಸ್ಸು ಸೇತುವೆ ಹತ್ತುವ ಮೊದಲೇ ಇಳಿದುಬಿಡುತ್ತೇನೆ.

ವರ್ಷದ ಮೇಲೆ, ಯಾರಿಗೆ ಯಾವ ಗುಳಿಗೆ ಎಂಬ ಪಟ್ಟಿ ಬಿಚ್ಚಿದರು. ಚೆನ್ನಾಜಮ್ಮ ನುಂಗಿದ್ದು ಬರೀ ಹಿಟ್ಟು.

ನಿಜವಾದ ಔಷಧವನ್ನು ಡಾಕ್ಟರು ಈಗ ನನಗೆ ಬರೆದುಕೊಟ್ಟಿದ್ದಾರೆ. ನಿದ್ದೆಯೇನೋ ಬರುತ್ತದೆ. ಕಚ್ಚುವುದು ನಿಂತಿಲ್ಲ.