ಬಿಚ್ಚದ ಬೀಗ, ಇಲ್ಲದ ಗಾಡಿ

"ಚೈನು ಇದೆ, ಬೀಗ ಇದೆ, ಬ್ಯಾಟರಿ ಇದೆ. ಗಾಡಿ ಮಾತ್ರ ಇಲ್ಲ. ಇದೇನು ಕಣ್ಕಟ್ಟಾ ಸಾಹೇಬ್ರೇ?"

ದನದ ಡಾಕ್ಟರು ಬೆಳಗ್ಗೆ ಎಂಟಕ್ಕೇ ಮಗಳ ಕೈ ಹಿಡಿದು ಗಡಿಯಾರದ ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ಅಂಗಡಿಯ ಬೆಂಚಿನ ಮೇಲೆ ಎಂದಿನಂತೆ ಪೇಪರು ಹಿಡಿದು ಕೂತಿದ್ದವರು ವಿಮೆ ಸಾಹೇಬರು. ವಿಮೆ ಕಂಪನಿಯಲ್ಲಿ ಮೂವತ್ತು ವರ್ಷ ಜನರ ಸುಳ್ಳುಗಳನ್ನು ಸೋಸಿ ನಿವೃತ್ತರಾದ ಮೇಲೆ ಊರಿನ ಸಣ್ಣಪುಟ್ಟ ಕಳವುಗಳೆಲ್ಲ ಅವರ ಹತ್ತಿರವೇ ಬರುತ್ತಿದ್ದವು. ಗಡಿಯಾರದವನಿಗೆ ಅದರಲ್ಲಿ ಸಂಬಳವಿಲ್ಲದ ಸಹಾಯಕನ ಕೆಲಸ. ಯಾರಾದರೂ ಅಳುತ್ತಾ ಬಂದರೆ ಸಾಕು, ಬಿಚ್ಚಿಟ್ಟ ಗಡಿಯಾರವನ್ನು ಹಾಗೇ ಬಿಟ್ಟು ಅವರ ಹಿಂದೆ ಹೊರಡುತ್ತಿದ್ದ.

ಕಳುವಾದದ್ದು ಡಾಕ್ಟರ ಎಟಿವಿ, ಬೈಕಿನಂತೆ ಹ್ಯಾಂಡಲು ಹಿಡಿದು ಓಡಿಸುವ ನಾಲ್ಕು ದಪ್ಪ ಗಾಲಿಯ ಗಾಡಿ. ಗುಡ್ಡದ ಮೇಲಿನ ದನದ ಹಟ್ಟಿಗಳಿಗೆ ಕಾರೂ ಹೋಗುವುದಿಲ್ಲ, ಬೈಕೂ ಹೋಗುವುದಿಲ್ಲ. ಹನ್ನೊಂದು ವರ್ಷದಿಂದ ಡಾಕ್ಟರನ್ನು ಅಲ್ಲಿಗೆ ಹೊತ್ತದ್ದು ಆ ಗಾಡಿಯೇ.

"ಅದಿಲ್ಲದಿದ್ರೆ ನಾನು ಡಾಕ್ಟರೇ ಅಲ್ಲ," ಎಂದರು ಅವರು. "ಮನೇಲಿ ಕೂತ ಮುದುಕ, ಅಷ್ಟೇ."

ಮಗಳು ನಿಟ್ಟುಸಿರುಬಿಟ್ಟಳು. "ಈ ವಯಸ್ಸಲ್ಲಿ ಗುಡ್ಡ ಹತ್ತಬೇಡಿ ಅಂತ ಹೇಳಿ ಹೇಳಿ ನನಗೂ ಸಾಕಾಗಿದೆ ಅಪ್ಪಾ."

ಗಡಿಯಾರದವನಿಗೆ ಆಗಲೇ ಅನುಮಾನ ಬಂತು. ಇವಳೇ ಇರಬೇಕು, ಮುಖವೇ ಹೇಳುತ್ತದೆ ಎಂದುಕೊಂಡ. ಅವನಿಗೆ ಪ್ರತಿ ಪ್ರಕರಣದಲ್ಲೂ ಮೊದಲ ಐದು ನಿಮಿಷದಲ್ಲೇ ಕಳ್ಳ ಸಿಕ್ಕಿಬಿಡುತ್ತಿದ್ದ. ಒಮ್ಮೆಯೂ ಸರಿಯಾದವನು ಸಿಕ್ಕಿರಲಿಲ್ಲ, ಅದು ಬೇರೆ ಮಾತು.

ಡಾಕ್ಟರ ಮನೆಯ ಮುಂಭಾಗದಲ್ಲೇ ಆಸ್ಪತ್ರೆ, ಹಿತ್ತಲಲ್ಲಿ ಗಾಡಿಯ ಶೆಡ್ಡು. ಮೂರು ಕಡೆ ಗೋಡೆ, ಮುಂದೆ ಬಾಗಿಲಿಲ್ಲ. ನೆಲಕ್ಕೆ ಸಿಮೆಂಟಿನಲ್ಲಿ ಹೂತ ಕಬ್ಬಿಣದ ಬಳೆ. ಅದಕ್ಕೆ ಸುತ್ತಿ ಬೀಗ ಹಾಕಿದ ಹೆಬ್ಬೆರಳು ಗಾತ್ರದ ಚೈನು. ಒಂದು ಕೊಂಡಿಯೂ ತುಂಡಾಗಿರಲಿಲ್ಲ. ಬೀಗದ ಕೀಲಿ ಡಾಕ್ಟರ ಸೊಂಟದಲ್ಲೇ ಇತ್ತು.

"ಗಾಡಿ ಕೀಲಿ?" ಎಂದು ಕೇಳಿದರು ಸಾಹೇಬರು.

"ಅದು ಗಾಡೀಲೇ ಇರುತ್ತೆ. ಪ್ರತಿ ಸಂಜೆ ಆರಕ್ಕೆ ಬ್ಯಾಟರೀನೇ ಬಿಚ್ಚಿ ಒಳಗೆ ಇಟ್ಕೋತೀನಲ್ಲ, ಕೀಲಿ ತಿರುಗಿಸಿ ಕಳ್ಳ ಏನು ಮಾಡ್ತಾನೆ? ಏಳರಿಂದ ಎಂಟು ಮಗಳ ಮನೇಲಿ ಊಟ, ಆಮೇಲೆ ನಿದ್ದೆ. ಇದರ ಜೊತೆಗೆ ಗಾಡಿ ಎಲ್ಲಿದೆ ಅಂತ ಮೊಬೈಲಿಗೆ ತಿಳಿಸೋ ಟ್ರ್ಯಾಕರ್ ಬೇರೆ ಹಾಕಿಸಿದೀನಿ."

"ಟ್ರ್ಯಾಕರಿಗೆ ಕರೆಂಟು ಎಲ್ಲಿಂದ?"

"ಗಾಡಿ ಬ್ಯಾಟರಿಯಿಂದ," ಎಂದವರೇ ಡಾಕ್ಟರು ಬಾಯಿ ಮುಚ್ಚಿಕೊಂಡರು. ಒಂದು ಕಾವಲು ಇನ್ನೊಂದರ ಕತ್ತು ಹಿಸುಕಿತ್ತು. ಆರು ಗಂಟೆಯಾದ ಮೇಲೆ ಟ್ರ್ಯಾಕರು ದಿನವೂ ಸತ್ತೇ ಇರುತ್ತಿತ್ತು.

"ಚೈನು ಹೇಗೆ ಹಾಕ್ತಿದ್ರಿ, ತೋರಿಸಿ," ಎಂದರು ಸಾಹೇಬರು.

ಮೂಲೆಯಲ್ಲಿ ಗಾಡಿಗೆ ಸಿಕ್ಕಿಸುವ ಟ್ರೇಲರು ನಿಂತಿತ್ತು. ಡಾಕ್ಟರು ಗಾಡಿಯ ಬದಲಿಗೆ ಅದನ್ನು ಬಳೆಯ ಹತ್ತಿರಕ್ಕೆ ಎಳೆದು, ಚೈನಿನ ಬೀಗ ತೆಗೆದು, ಕುಕ್ಕರುಗಾಲಲ್ಲಿ ಕೂತು, ಸೂರಿನ ಕಡೆ ಮುಖವೆತ್ತಿ ಕೈಯಾಡಿಸಿದರು. ಚೈನು ಸರ್ರೆಂದು ಹರಿಯಿತು, ಬೀಗ ಟಕ್ಕೆಂದಿತು. ಅಭ್ಯಾಸ ಎಂದರೆ ಹೀಗಿರಬೇಕು ಎಂದು ಗಡಿಯಾರದವನು ತಲೆದೂಗಿದ. ಸಾಹೇಬರು ಬಗ್ಗಿ ಚೈನನ್ನು ಒಮ್ಮೆ ಎಳೆದು ನೋಡಿ ಎದ್ದರು.

ಡಾಕ್ಟರು ತಾವೇ ಚಹಾ ಬಗ್ಗಿಸಿಕೊಟ್ಟರು. ಬಗ್ಗಿಸುವಾಗ ತೋರುಬೆರಳನ್ನು ಲೋಟದ ಒಳಗೇ ಇಟ್ಟುಕೊಂಡಿದ್ದರು. ದಿನವೆಲ್ಲ ದನದ ಮೈ ತಡವುವವರಿಗೆ ಎಂಥ ಶುಚಿ ಎಂದು ಗಡಿಯಾರದವನು ಮುಖ ಕಿವುಚಿದರೂ ಪೂರ್ತಿ ಕುಡಿದ. ಸಾಹೇಬರ ಚಹಾ ಮಾತ್ರ ಹಾಗೇ ಆರಿತು.

ಆಸ್ಪತ್ರೆಯ ಕೋಣೆಯಲ್ಲಿ ಕಾಂಪೌಂಡರಮ್ಮ ಲಸಿಕೆಯ ಸೀಸೆಗಳನ್ನು ಐಸ್ ಡಬ್ಬಿಗೆ ತುಂಬುತ್ತಿದ್ದಳು. ನಲವತ್ತರ ಹೆಂಗಸು, ಗಾಡಿ ಬಂದ ದಿನದಿಂದಲೂ ಡಾಕ್ಟರ ಹಿಂದಿನ ಸೀಟಿನಲ್ಲಿ ಕೂತು ಗುಡ್ಡ ಹತ್ತಿದವಳು.

"ಫ್ರಿಜ್ಜು ಕೈಕೊಟ್ಟಿದೆ," ಎಂದಳು, ಯಾರೂ ಕೇಳದೇನೇ.

ಫ್ರಿಜ್ಜಿನ ಹಿಂದೆ ಎರಡು ವೈರುಗಳು ನೇತಾಡುತ್ತಿದ್ದವು. ಪಕ್ಕದ ಕಪಾಟಿನ ಮೇಲೆ, ಬಿಸಿಲು ತಾಗದ ಕಡೆ, ಗಾಡಿಗೆ ಬಿಗಿಯುವ ಪಟ್ಟಿಗಳಿದ್ದ ಔಷಧದ ಪೆಟ್ಟಿಗೆ ಕೂತಿತ್ತು.

"ಈ ಪೆಟ್ಟಿಗೆ ಇಲ್ಲಿಗೆ ಯಾರು ತಂದ್ರು?" ಸಾಹೇಬರು ಡಾಕ್ಟರನ್ನು ಕೇಳಿದರು.

"ಪೆಟ್ಟಿಗೆ ಇಲ್ಲಿದೆಯಾ? ಅದನ್ನ ನಾನು ಗಾಡಿಗೇ ಕಟ್ಟಿ ಬಿಟ್ಟಿದ್ದೆನಲ್ಲ!"

ಮಧ್ಯಾಹ್ನ ಸಾಹೇಬರು ಎಲ್ಲರನ್ನೂ ಶೆಡ್ಡಿಗೆ ಕರೆದರು. ಕಳ್ಳನ ಹೆಸರು ಹೇಳುವಾಗ ಅವರ ದನಿಯಲ್ಲಿ ಯಾವಾಗಲೂ ಸ್ವಲ್ಪ ಜಂಬ ಇಣುಕುತ್ತಿತ್ತು. ಇವತ್ತು ಅದಿರಲಿಲ್ಲ.

"ಬಂದವರ ಹತ್ತಿರ ಗಾಡಿಗೆ ಬೇಕಾದ ಬ್ಯಾಟರಿ ಇತ್ತು," ಎಂದು ಅವರು ಶುರುಮಾಡಿದರು. "ಲಸಿಕೆ ಫ್ರಿಜ್ಜನ್ನ ನಡೆಸೋ ಬ್ಯಾಟರಿ ಇವತ್ತು ಅದರ ಹಿಂದೆ ಇಲ್ಲ, ಬರೀ ವೈರುಗಳಿವೆ. ಒಯ್ಯೋ ಮೊದಲು ಔಷಧದ ಪೆಟ್ಟಿಗೆ ಬಿಚ್ಚಿ ನೆರಳಲ್ಲಿ ಇಟ್ಟು ಹೋಗಿದಾರೆ. ಗಾಡಿ ಕದಿಯೋನಿಗೆ ದನದ ಔಷಧಿ ಕೆಟ್ಟರೇನು? ಆ ಚಿಂತೆ ಇರೋರು ಈ ಮನೇಲಿ ಇಬ್ಬರೇ. ಒಬ್ಬರು ಡಾಕ್ಟರು."

ಕಾಂಪೌಂಡರಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಗಡಿಯಾರದವನು ಮಗಳ ಕಡೆಯಿಂದ ಕಣ್ಣು ಕಿತ್ತು ಅವಳತ್ತ ತಿರುಗಿಸಿದ.

"ನೀನಾ?" ಡಾಕ್ಟರ ದನಿ ಏರಿತು. "ಚೈನು ಹೇಗೆ ಬಿಚ್ಚಿದೆ? ಕೀಲಿ ನನ್ನ ಹತ್ತಿರಾನೇ ಇತ್ತಲ್ಲ!"

"ಅವಳು ಬಿಚ್ಚಲಿಲ್ಲ ಡಾಕ್ಟ್ರೇ," ಎಂದರು ಸಾಹೇಬರು, ಬಹಳ ಮೆಲ್ಲಗೆ. "ಬಿಚ್ಚೋದಕ್ಕೆ ಏನೂ ಇರಲಿಲ್ಲ. ನಿಮ್ಮ ಚೈನು ಗಾಲಿಯೊಳಗೆ ಹೋಗಿರಲೇ ಇಲ್ಲ. ಬಳೆಗೆ ಸುತ್ತಿ, ಅದಕ್ಕದನ್ನೇ ಸೇರಿಸಿ ಬೀಗ ಹಾಕಿದ್ರಿ. ಬೆಳಗ್ಗೆ ನನ್ನೆದುರಿಗೂ ಹಾಗೇ ಮಾಡಿದ್ರಿ. ಎಳೆದ್ರೆ ಟ್ರೇಲರಿಗೆ ಸಿಕ್ಕಿಕೊಳ್ಳದೆ ಸಡಿಲವಾಗಿ ನನ್ನ ಕೈಗೇ ಬಂತು. ಲೋಟ ತುಂಬಿದ್ದು ನಿಮಗೆ ಬೆರಳಿಂದ ಗೊತ್ತಾಗ್ತಿತ್ತು. ಕಪಾಟಿನ ಮೇಲೆ ಕಣ್ಣೆದುರಿಗೇ ಇದ್ದ ಪೆಟ್ಟಿಗೆ ನಾನು ಹೇಳೋವರೆಗೂ ಗೊತ್ತಾಗಲಿಲ್ಲ. ಎಷ್ಟು ದಿನದಿಂದ ಕಣ್ಣು ಕಾಣ್ತಿಲ್ಲ?"

ಮಗಳು ಅಪ್ಪನ ಮುಖವನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು.

"ಪೂರ್ತಿ ಕಾಣಲ್ಲ ಅಂತಿಲ್ಲ," ಎಂದರು ಡಾಕ್ಟರು. "ನಡುವೆ ಒಂದು ಕಪ್ಪು. ಅಂಚಿಂದ ನೋಡ್ತೀನಿ. ದಾರಿ ನನಗೆ ಬಾಯಿಪಾಠ."

ಕಾಂಪೌಂಡರಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ದಾರಿ ಕುಸಿದಿತ್ತು ಸಾರ್! ಮೊನ್ನೆ ಎಡಗಾಲಿ ಅಂಚು ದಾಟಿ ಗಾಳೀಲಿ ತಿರುಗ್ತಿತ್ತು. ನಾನು ಕಿರುಚಿದೆ. ಕಲ್ಲು ಅಂದ್ರಿ ನೀವು. ತಿಂಗಳಿಂದ ದಿನಾ ಬೆಳಗ್ಗೆ ಚೈನು ಬರೀ ಬಳೆಗೆ ಸುತ್ತಿರೋದು ನೋಡ್ತಿದ್ದೆ, ಹೇಳೋಕೆ ನಾಲಿಗೆ ಏಳಲಿಲ್ಲ. ನೀವು ಮಗಳ ಮನೆಗೆ ಊಟಕ್ಕೆ ಹೋದಾಗ ಒಯ್ದೆ. ನಮ್ಮ ಅಕ್ಕನ ಇಟ್ಟಿಗೆ ಗೂಡಲ್ಲಿ ಟಾರ್ಪಾಲ್ ಹೊದಿಸಿಟ್ಟಿದೀನಿ. ಪೊಲೀಸಿಗೆ ಕೊಡಿ ಬೇಕಾದ್ರೆ."

ಡಾಕ್ಟರು ಗುಡ್ಡ ಹತ್ತುವುದು ನಿಂತರೆ ಅವಳ ಕೆಲಸವೂ ಹೋಗುತ್ತಿತ್ತು. ಅವಳು ತನ್ನ ಅನ್ನವನ್ನೇ ಕದ್ದು ಬಚ್ಚಿಟ್ಟಿದ್ದಳು ಎಂಬುದು ಗಡಿಯಾರದವನಿಗೆ ಆಗ ಹೊಳೆಯಿತು. ಬೆಳಗ್ಗೆಯೇ ಮಗಳನ್ನು ಕಳ್ಳಿ ಮಾಡಿದ್ದಕ್ಕೆ ಅವನಿಗೆ ನಾಚಿಕೆಯಾಯಿತು.

"ತಗೊಂಡು ಬಾ," ಎಂದಷ್ಟೇ ಹೇಳಿದರು ಡಾಕ್ಟರು.

ಅರ್ಧ ಗಂಟೆಯಲ್ಲಿ ಗಾಡಿ ಬಂತು. ಡಾಕ್ಟರು ಅದರ ಮೈಯನ್ನೆಲ್ಲ ತಡವಿ, ಎಂದಿನಂತೆ ಮುಂದಿನ ಸೀಟಿಗೆ ಹತ್ತಿದರು. ಹ್ಯಾಂಡಲು ಹಿಡಿದು ಬಹಳ ಹೊತ್ತು ಕೂತರು. ಆಮೇಲೆ ಎರಡೂ ಕೈಯೂರಿ, ಸ್ವಲ್ಪ ಸ್ವಲ್ಪವೇ ಸರಿದು, ಹಿಂದಿನ ಸೀಟಿಗೆ ಹೋದರು.

"ನೀನು ಓಡಿಸು," ಎಂದರು ಕಾಂಪೌಂಡರಮ್ಮನಿಗೆ. "ನಾನು ಹಿಂದೆ ಕೂರ್ತೀನಿ. ಆಯ್ತಲ್ಲ?"

ಮಗಳು ಕಣ್ಣೊರೆಸಿಕೊಂಡು ನಕ್ಕಳು. ಗಡಿಯಾರದವನಿಗೂ ಎದೆ ಹಗುರಾಯಿತು. ಕಾಂಪೌಂಡರಮ್ಮ ಮಾತ್ರ ಗಾಡಿಯಿಂದ ಎರಡು ಹೆಜ್ಜೆ ಹಿಂದೆ ನಿಂತೇ ಇದ್ದಳು.

"ಇನ್ನೇನು ತಡ? ಹತ್ತಮ್ಮ," ಎಂದಳು ಮಗಳು.

"ಗಾಡಿ ಓಡಿಸ್ತೀನಿ," ಎಂದಳು ಕಾಂಪೌಂಡರಮ್ಮ. "ಸಿರಿಂಜು ಯಾರು ಹಿಡೀತಾರೆ ಸಾರ್? ಹೋದ ವಾರ ಮೇಲಿನ ಹಟ್ಟಿ ಹಸುವಿಗೆ ಹತ್ತು ಎಂಎಲ್ ಎಳೀಬೇಕಾದ ಔಷಧ ಮೂವತ್ತು ಎಳೆದಿದ್ರಿ."

ವಿಮೆ ಸಾಹೇಬರು ತಲೆ ತಗ್ಗಿಸಿದರು. ಇದು ಅವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಏನು ಮಾಡುತ್ತಿದ್ದರು!

ಡಾಕ್ಟರು ಸದ್ದು ಬಂದ ಕಡೆಗೆ ಮುಖ ತಿರುಗಿಸಿದರು.

"ಹಸು ಉಳೀತಾ?"

"ಉಳೀತು. ನೀವು ಆ ಕಡೆ ತಿರುಗಿದಾಗ ಸಿರಿಂಜು ಬದಲಾಯಿಸಿದೆ."

"ಒಳ್ಳೇ ಕೆಲಸ ಮಾಡಿದೆ," ಎಂದರು ಅವರು.

ಆದರೆ ಸೀಟಿನಿಂದ ಇಳಿಯಲಿಲ್ಲ. ಇಳಿಯಿರಿ ಎನ್ನಲು ಮಗಳಿಗೆ ಬಾಯಿ ಬರಲಿಲ್ಲ, ಹತ್ತಿ ಓಡಿಸಲು ಕಾಂಪೌಂಡರಮ್ಮನಿಗೆ ಕಾಲು ಬರಲಿಲ್ಲ. ಹಾಗೇ ಎಲ್ಲರೂ ಶೆಡ್ಡಿನಲ್ಲಿ ನಿಂತಿದ್ದರು, ಡಾಕ್ಟರು ಹಿಂದಿನ ಸೀಟಿನಲ್ಲಿ ಕೂತೇ ಇದ್ದರು.